ಊರಿಗೆ ಬಾರದ ಊರಿನ ತಂಡ

ಶಿವಮೊಗ್ಗಕ್ಕೊಂದು ಕ್ರಿಕೆಟ್ ತಂಡವಿದೆಯಂತೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ಅದರ ಹೆಸರು ಮಲ್ನಾಡ್ ಗ್ಲಾಡಿಯೇಟರ್ಸ್. ಲೀಗು ನಡುವೆ ಕೆಲವು ವರ್ಷ ನಿಂತು ಮತ್ತೆ ಚಿಗುರಿದ ಮೇಲೆ ಅದು ‘ನಮ್ಮ ಶಿವಮೊಗ್ಗ’ ಆಯಿತು, ಆಮೇಲೆ ಶಿವಮೊಗ್ಗ ಲಯನ್ಸ್ ಆಯಿತು. 2022ರಲ್ಲಿ ಮಹಾರಾಜ ಟ್ರೋಫಿ ಬಂದಾಗ ಶಿವಮೊಗ್ಗ ಸ್ಟ್ರೈಕರ್ಸ್. ಮರುವರ್ಷ ಮತ್ತೆ ಲಯನ್ಸ್. ಹದಿನೈದು ವರ್ಷದೊಳಗೆ ಇಷ್ಟು ಸಲ ಹೆಸರು ಬದಲಾಯಿಸಿದ ಬೇರೊಂದು ಸಂಸ್ಥೆಯನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಹೆಸರಿನ ಮಾತು ಹೋಗಲಿ. ಮಹಾರಾಜ ಟ್ರೋಫಿಯ ಪಂದ್ಯಗಳು 2022ರಲ್ಲಿ ಮೈಸೂರು ಮತ್ತು ಬೆಂಗಳೂರಿನಲ್ಲಿ ನಡೆದವು. 2023 ಮತ್ತು 2024ರಲ್ಲಿ ಬೆಂಗಳೂರಿನಲ್ಲಿ. 2025ರಲ್ಲಿ ಮೈಸೂರಿನಲ್ಲಿ. ಶಿವಮೊಗ್ಗದ ತಂಡ ಶಿವಮೊಗ್ಗದವರ ಎದುರು ಆಡಲಿಲ್ಲ.

ಇಲ್ಲಿ ಮೈದಾನವಿಲ್ಲ ಎಂದು ಯಾರೂ ಹೇಳುವಂತಿಲ್ಲ. ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಕ್ರೀಡಾಂಗಣವಿದೆ. 2020ರ ಫೆಬ್ರುವರಿಯಲ್ಲಿ ಅಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶದ ರಣಜಿ ಪಂದ್ಯ ನಾಲ್ಕು ದಿನ ನಡೆದಿದೆ. ಹಾಗಾದರೆ ಮಳೆ ಎನ್ನುತ್ತಾರೆ. ನಿಜ, ಟೂರ್ನಿ ನಡೆಯುವುದು ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ಮಲೆನಾಡಿನ ಅಂಚಿನ ಊರಿನ ಮೈದಾನ ಹೇಗಿರುತ್ತದೆಂದು ಇಲ್ಲಿನ ಮೂರನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ಆದರೆ ಆ ತಿಂಗಳನ್ನು ಆರಿಸಿದವರಿಗೆ ಈ ಊರಿನ ಮಳೆ ಲೆಕ್ಕಕ್ಕೇ ಬರಲಿಲ್ಲ ಎಂಬುದೇ ನನ್ನ ತಕರಾರು. ನಾನು ಮಾತನಾಡಿಸಿದ ಹಳೆಯ ಆಟಗಾರರೆಲ್ಲ ಹೇಳುವ ಟೂರ್ನಿಗಳು ಸಂಕ್ರಾಂತಿ ಕಳೆದ ಮೇಲೆ ಶುರುವಾಗಿ ಮೊದಲ ಮುಂಗಾರು ಮಳೆಗೆ ಮುಗಿಯುತ್ತಿದ್ದವು. ಅವರ ಕ್ಯಾಲೆಂಡರ್ ಈ ನೆಲದ್ದು. ಈಗಿನದು ಟಿ.ವಿ.ಯದ್ದು.

ನನ್ನ ಪಿಎಚ್.ಡಿ. ವಿಷಯ ಶಿವಮೊಗ್ಗ ಮತ್ತು ಭದ್ರಾವತಿಯ ಆಟದ ತಂಡಗಳು. ಕಾರ್ಖಾನೆಯ ತಂಡ, ಕಾಲೇಜಿನ ತಂಡ, ಬಡಾವಣೆಯ ಕ್ಲಬ್ಬು, ಎರಡು ವರ್ಷ ಬದುಕಿ ಸತ್ತ ತಂಡ, ಒಂದೇ ಟೂರ್ನಿಗೆಂದು ಹುಟ್ಟಿದ ತಂಡ. ವಿಷಯ ಮಂಡಿಸಿದ ದಿನ ಸಮಿತಿಯಲ್ಲಿದ್ದ ಹಿರಿಯರೊಬ್ಬರು, “ಅಲ್ಲಮ್ಮಾ, ಭಾರತೀಯ ಕ್ರಿಕೆಟ್ ಮತ್ತು ರಾಷ್ಟ್ರೀಯತೆ ಅಂತ ಮಾಡಬಹುದಿತ್ತಲ್ಲ, ಇದರಲ್ಲಿ ಏನಿದೆ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಇದ್ದಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ಇದ್ದದ್ದು ಒಂದು ನಂಬಿಕೆ: ಇತಿಹಾಸ ಎಂಬುದು ಬೆಂಗಳೂರು, ಮುಂಬಯಿಗಳಲ್ಲಿ ನಡೆಯುತ್ತದೆ, ನಮ್ಮಂಥ ಊರುಗಳಲ್ಲಿ ನಡೆಯುವುದು ಹರಟೆ. ಈ ಬರಹ ಆ ನಂಬಿಕೆಯ ವಿರುದ್ಧ.

ಭದ್ರಾವತಿ ಎಂದ ಕೂಡಲೇ ಕ್ರಿಕೆಟ್ ಬಲ್ಲವರು ಜಿ.ಆರ್. ವಿಶ್ವನಾಥ್ ಎನ್ನುತ್ತಾರೆ. 1949ರ ಫೆಬ್ರುವರಿ 12ರಂದು ಅವರು ಹುಟ್ಟಿದ್ದು ಇಲ್ಲಿ. ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230, 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆ ಮತ್ತು 137, ಒಟ್ಟು 91 ಟೆಸ್ಟು, 6080 ರನ್ನು. ಆ ಸ್ಕ್ವೇರ್ ಕಟ್‌ನ ಹಳೆಯ ತುಣುಕುಗಳನ್ನು ನಾನೂ ಎಷ್ಟು ಸಲ ನೋಡಿದ್ದೇನೋ. ಆದರೆ ಅವರ ಕ್ರಿಕೆಟ್ ಬೆಳೆದದ್ದು ಬೆಂಗಳೂರಿನಲ್ಲಿ, ಅಲ್ಲಿನ ಕ್ಲಬ್ಬುಗಳಲ್ಲಿ. ಅವರು ಇಲ್ಲಿ ಹುಟ್ಟಿದರು ಎಂಬ ಒಂದು ಸಾಲನ್ನು ಮುಂದಿಟ್ಟುಕೊಂಡು ಇಡೀ ಊರಿನ ಆಟದ ಇತಿಹಾಸ ಮುಗಿಯಿತೆಂದು ಕೈತೊಳೆದುಕೊಳ್ಳುವುದು ನನಗೆ ಸಮ್ಮತವಿಲ್ಲ. ಹೆರಿಗೆಯ ದಾಖಲೆ ಊರಿನ ಇತಿಹಾಸವಾಗುವುದಿಲ್ಲ. ಇಲ್ಲೇ ಉಳಿದು ಇಲ್ಲೇ ಆಡಿ ಇಲ್ಲೇ ನಿವೃತ್ತರಾದವರ ಕತೆ ಎಲ್ಲಿದೆ?

ಅದಿರುವುದು ಕಾರ್ಖಾನೆಯ ನೆರಳಿನಲ್ಲಿ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಹೊಳೆದಂಡೆಯ ಊರು ಭದ್ರಾವತಿಯಾಗಿ ಬೆಳೆದದ್ದೇ ಕಬ್ಬಿಣದಿಂದ. ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಉದ್ದನೆಯ ಹೆಸರಿನ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು. 1936ರಲ್ಲಿ ಕಾಗದ ಕಾರ್ಖಾನೆಯೂ ಬಂತು. ಹೊಳೆಯ ಆಚೆ ಈಚೆ ಕ್ವಾರ್ಟರ್ಸುಗಳು ಎದ್ದವು, ನ್ಯೂ ಟೌನ್, ಪೇಪರ್ ಟೌನ್ ಎಂಬ ಹೆಸರುಗಳು ಬಂದವು. ತಮಿಳು, ತೆಲುಗು, ಮಲಯಾಳಿ, ಉರ್ದು ಮಾತಿನ ಮನೆಗಳು ಒಂದೇ ಸಾಲಿನಲ್ಲಿ ನಿಂತವು. ಪಾಳಿ ಮುಗಿದ ಮೇಲೆ ಉಳಿಯುವ ಹೊತ್ತಿಗೆ ಏನಾದರೂ ಬೇಕಲ್ಲ? ಮೈದಾನ ಬಂತು, ನಾಟಕ ಬಂತು, ಭಜನೆ ಬಂತು, ಯೂನಿಯನ್ ಬಂತು.

ಇದು ನಮ್ಮೊಬ್ಬರ ವಿಶೇಷವಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡ ಹುಟ್ಟಿದ್ದು 1895ರಲ್ಲಿ, ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರ ತಂಡವಾಗಿ. ಆರ್ಸೆನಲ್ ಹುಟ್ಟಿದ್ದು 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ. ಥೇಮ್ಸ್ ಐರನ್‌ವರ್ಕ್ಸ್ 1912ರಲ್ಲೇ ಮುಚ್ಚಿತು. ತಂಡದ ಲಾಂಛನದಲ್ಲಿ ಎರಡು ಸುತ್ತಿಗೆಗಳು ಇಂದಿಗೂ ಇವೆ. ನಮ್ಮ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದು 2015ರಲ್ಲಿ. ಅದರ ಆಟಗಾರರ ಬಗ್ಗೆ ನಾಲ್ಕು ಪುಟ ಓದಬೇಕೆಂದರೆ ಯಾವ ಲೈಬ್ರರಿಗೆ ಹೋಗಬೇಕು? ಇಂಗ್ಲೆಂಡಿನ ಶಾಲಾ ಹುಡುಗರ ಹಾಗೆ ಆರ್ಸೆನಲ್ ಜೆರ್ಸಿ ತೊಟ್ಟು ಗಾಂಧಿ ಬಜಾರಿನಲ್ಲಿ ಓಡಾಡುವ ನಮ್ಮ ಹುಡುಗರಿಗೆ ಆ ತೋಪಿನ ಗುರುತು ಯಾಕಿದೆ ಎಂದು ಗೊತ್ತಿದೆ. ತಮ್ಮ ತಾತನೂ ಒಂದು ಕಾರ್ಖಾನೆಯ ತಂಡಕ್ಕೆ ಆಡಿದ್ದಿರಬಹುದು ಎಂಬುದು ಗೊತ್ತಿಲ್ಲ.

ಹುಡುಕಾಟದ ತೊಡಕುಗಳನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ‘ದಾಖಲೆ ಇಲ್ಲ, ಆದ್ದರಿಂದ ಇತಿಹಾಸ ಇಲ್ಲ’ ಎಂಬ ವಾದ ನಿಂತಿರುವುದು ಹುಡುಕದವರ ಮೇಲೆ. ಮೊದಲ ತೊಡಕು ಹೆಸರು. ಮೈಸೂರು ಐರನ್ ವರ್ಕ್ಸ್, ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್, 1962ರಲ್ಲಿ ಕಂಪನಿಯಾದ ಮೇಲೆ ಮೈಸೂರು ಐರನ್ ಅಂಡ್ ಸ್ಟೀಲ್ ಲಿಮಿಟೆಡ್, ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು, 1989ರಲ್ಲಿ ಸೈಲ್ ಕೈಗೆ. ತಂಡದ ಹನ್ನೊಂದು ಜನ ಅವರೇ, ಹೆಸರು ಮಾತ್ರ ಬೇರೆ ಬೇರೆ. ಊರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. 2014ರ ನವೆಂಬರ್ 1ರ ತನಕ ಶಿಮೊಗ, ಆಮೇಲೆ ಶಿವಮೊಗ್ಗ. ಹಳೆಯ ಪತ್ರಿಕೆಯಲ್ಲಿ ಕ್ರೀಡಾ ಸುದ್ದಿ ಒಳಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲಿದ್ದರೆ ಪುಣ್ಯ. ಗೆದ್ದ ತಂಡದ ಹೆಸರಿರುತ್ತದೆ, ಬಹುಮಾನ ಕೊಟ್ಟ ಅಧಿಕಾರಿಯ ಹುದ್ದೆ ಸಮೇತ ಹೆಸರಿರುತ್ತದೆ, ರನ್ ಹೊಡೆದವನ ಹೆಸರಿರುವುದಿಲ್ಲ.

ಎರಡನೆಯದು ಗುಜರಿ. ಒಂದು ಕಚೇರಿಗೆ, ಹೆಸರು ಬೇಡ, ಹಳೆಯ ಕ್ರೀಡಾ ಸಮಿತಿಯ ರಿಜಿಸ್ಟರ್ ಕೇಳಿಕೊಂಡು ಮೂರು ಸಲ ಹೋದೆ. ಮೊದಲ ಸಲ ಅರ್ಜಿ ಕೊಡಿ ಎಂದರು. ಎರಡನೇ ಸಲ ಅರ್ಜಿ ಸಿಗುತ್ತಿಲ್ಲ ಎಂದರು. ಮೂರನೇ ಸಲ ಗುಮಾಸ್ತರು ಪಾಪ ನೀರು ಕೊಟ್ಟು ಕೂರಿಸಿ, “ಸುಣ್ಣ ಬಣ್ಣ ಹೊಡೆಸೋವಾಗ ಎಲ್ಲ ತೂಕಕ್ಕೆ ಹಾಕಿಬಿಟ್ರು ಮೇಡಂ” ಎಂದರು. ಕಿಲೋಗೆ ಎಷ್ಟು ಸಿಕ್ಕಿತು ಎಂದು ಕೇಳಿದೆ. ಅದರ ರಸೀದಿ ಮಾತ್ರ ಫೈಲಿನಲ್ಲಿತ್ತು.

ಹಾಗೆಂದು ಕೈಚೆಲ್ಲಬೇಕಿಲ್ಲ. ಸ್ಕೋರ್ ಪುಸ್ತಕ ಹೋದರೂ ಆಟ ತನ್ನ ಗುರುತನ್ನು ಆಟದ್ದಲ್ಲದ ಕಾಗದಗಳಲ್ಲಿ ಬಿಟ್ಟಿರುತ್ತದೆ. ಪಾಳಿ ಬದಲಾಯಿಸಿಕೊಂಡ ಚೀಟಿ, ವಿಶೇಷ ರಜೆಯ ಆದೇಶ, ಹೊರಗಿನ ತಂಡಕ್ಕೆ ಕ್ಯಾಂಟೀನಿನಲ್ಲಿ ಊಟ ಹಾಕಿದ ಬಿಲ್ಲು, ಮ್ಯಾಟು ಹೊಲಿಸಿದ ದರ್ಜಿಯ ರಸೀದಿ. ಊದುಕುಲುಮೆಯ ಬಳಿ ಕೆಲಸ ಮಾಡುತ್ತಿದ್ದ ಒಬ್ಬ ವಿಕೆಟ್ ಕೀಪರ್, ಈಗ ಎಪ್ಪತ್ತು ದಾಟಿದವರು, ತಮ್ಮ ಸೇವಾ ಪುಸ್ತಕದ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಅವರು ಖಲಾಸಿ. ಕೆಲಸಕ್ಕೆ ಸೇರಿಸಿಕೊಂಡದ್ದು ಆಟ ನೋಡಿ. ಅದು ಎಲ್ಲಿಯೂ ಬರೆದಿಲ್ಲ. “ನೈಟ್ ಶಿಫ್ಟ್ ಆರಕ್ಕೆ ಮುಗೀತಿತ್ತು, ಒಂಬತ್ತಕ್ಕೆ ಟಾಸು. ನಡುವೆ ನಿದ್ದೆ ಮಾಡಿದ್ರೆ ಕೆಟ್ಟೆ. ಅದಕ್ಕೇ ಗ್ರೌಂಡಿಗೆ ಹೋಗಿ ಮ್ಯಾಟ್ ಹಾಸ್ತಿದ್ದೆ” ಎಂದರು. ಮ್ಯಾಟ್ ಹಾಸಿ, ಅಂಚಿಗೆ ಮೊಳೆ ಹೊಡೆದು, ಸುತ್ತ ನೀರು ಚಿಮುಕಿಸಿ, ಆಮೇಲೆ ಪ್ಯಾಡು ಕಟ್ಟಿಕೊಳ್ಳುವುದು. ರಾತ್ರಿಯಿಡೀ ಕಾದ ಕಬ್ಬಿಣದ ಎದುರು ನಿಂತ ಕಣ್ಣಿನಿಂದ ಬೆಳಗಿನ ಬಿಸಿಲಿನಲ್ಲಿ ಹೊಸ ಚೆಂಡು ಹಿಡಿಯುವುದು. ಇದು ಕ್ರಿಕೆಟ್ ಇತಿಹಾಸವೋ ಕಾರ್ಮಿಕ ಇತಿಹಾಸವೋ ಎಂದು ನನ್ನ ವಿಭಾಗದಲ್ಲಿ ಕೇಳುತ್ತಾರೆ. ಎರಡನ್ನೂ ಬೇರೆ ಮಾಡಿದ್ದು ವಿಭಾಗಗಳೇ ಹೊರತು ಆ ಮನುಷ್ಯರಲ್ಲ.

ಇನ್ನೂ ಒಳ್ಳೆಯ ಆಕರ ಅವರ ಹೆಂಡತಿ. ನಾನು ವರ್ಷ ಕೇಳಿದಾಗಲೆಲ್ಲ ಅವರು ತಡವರಿಸಿದರೆ ಅಮ್ಮ ಅಡುಗೆಮನೆಯಿಂದಲೇ ತಿದ್ದುತ್ತಿದ್ದರು. “ದೊಡ್ಡವಳು ಹೊಟ್ಟೇಲಿದ್ದಾಗ ಫೈನಲ್ ಸೋತ್ರಲ್ಲ, ಅದರ ಹಿಂದಿನ ವರ್ಷ.” ಮಕ್ಕಳ ಹುಟ್ಟು, ನಾದಿನಿಯ ಮದುವೆ, ಮನೆಗೆ ಕರೆಂಟು ಬಂದದ್ದು ಇವುಗಳ ಜೊತೆ ಪಂದ್ಯಗಳನ್ನು ಅವರು ಪೋಣಿಸಿಟ್ಟಿದ್ದಾರೆ. ನಾನು ಒಂದೆರಡನ್ನು ಪತ್ರಿಕೆಯ ಜೊತೆ ತಾಳೆ ನೋಡಿದೆ, ಸರಿ ಬಂತು. ಬಿಳಿ ಬಟ್ಟೆಯಿಂದ ಕಬ್ಬಿಣದ ಧೂಳು ಹೋಗುವುದಿಲ್ಲ, ನೀಲಿ ಹಾಕಿದರೆ ಕಲೆ ಇನ್ನೂ ಎದ್ದು ಕಾಣುತ್ತದೆ, ಅದಕ್ಕೆ ಆಟದ ಬಟ್ಟೆಯನ್ನು ಡ್ಯೂಟಿ ಬಟ್ಟೆಯ ಜೊತೆ ನೆನೆಸಬಾರದು ಎಂಬುದನ್ನು ನಾನು ಕಲಿತದ್ದು ಅವರಿಂದ. ಅವರು ಒಂದು ಪಂದ್ಯವನ್ನೂ ನೋಡಿಲ್ಲ. ಹೆಂಗಸರು ಮೈದಾನಕ್ಕೆ ಬರುವ ಪದ್ಧತಿ ತಮ್ಮ ಸಾಲಿನ ಮನೆಗಳಲ್ಲಿ ಇರಲಿಲ್ಲ ಎಂದರು.

ಇದನ್ನು ಹೇಳಿದ್ದು ಬೇಕೆಂದೇ. ಕಾರ್ಖಾನೆಯ ಕಾಲವನ್ನು ನೆನೆದು ಕಣ್ಣೀರು ಹಾಕುವ ಬರಹಗಳ ವಿರುದ್ಧವೂ ನನಗೆ ಜಗಳವಿದೆ. ಫೇಸ್‌ಬುಕ್ಕಿನಲ್ಲಿ ಹಳೆಯ ಸೈರನ್ ಸದ್ದಿನ ಬಗ್ಗೆ, ಕ್ವಾರ್ಟರ್ಸಿನ ಮಾವಿನ ಮರದ ಬಗ್ಗೆ ಬರೆಯುತ್ತಾರಲ್ಲ, ಓದಲು ಹಿತವಾಗಿರುತ್ತದೆ. ಆದರೆ ಆ ಸುವರ್ಣಯುಗದ ಹನ್ನೊಂದರಲ್ಲಿ ಗುತ್ತಿಗೆ ಕಾರ್ಮಿಕನಿಗೆ ಜಾಗವಿತ್ತೇ? ಅದಿರು ಹೊತ್ತವರು, ಇದ್ದಿಲು ಸುಟ್ಟವರು ಎಷ್ಟು ಜನ ಬಿಳಿ ಬಟ್ಟೆ ತೊಟ್ಟರು? ನಾಯಕ ಯಾವಾಗಲೂ ಅಧಿಕಾರಿಯೇ ಆಗಿರುತ್ತಿದ್ದ ತಂಡದ ಕತೆಯನ್ನು ನಾನು ಒಬ್ಬಿಬ್ಬರಿಂದ ಕೇಳಿದ್ದಲ್ಲ. ಆತ ಹತ್ತನೇ ಕ್ರಮಾಂಕದಲ್ಲಿ ಆಡುವ ಯೋಗ್ಯತೆಯವನಾದರೂ ಮೊದಲು ಬ್ಯಾಟು ಹಿಡಿದು ಬರುತ್ತಿದ್ದನಂತೆ, ಅಂಪೈರಿಗೆ ಅವನ ಎಲ್‌ಬಿಡಬ್ಲ್ಯು ಕಾಣುತ್ತಲೇ ಇರಲಿಲ್ಲವಂತೆ! ನಗುತ್ತಲೇ ಹೇಳುತ್ತಾರೆ. ಆ ನಗುವನ್ನು ಸುಮ್ಮನೆ ತಮಾಷೆ ಎಂದು ಬಿಟ್ಟರೆ ಸಂಶೋಧನೆ ಯಾಕೆ ಬೇಕು? ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರೂ, ಹಳೆಯದರಲ್ಲಿ ಏನೂ ಇಲ್ಲ ಎನ್ನುವವರೂ ಮಾಡುವ ಕೆಲಸ ಒಂದೇ, ರಿಜಿಸ್ಟರ್ ತೆರೆಯದೆ ಇರುವುದು.

ಈ ಪತ್ರಿಕೆಯ ಓದುಗರಿಗೂ ಒಂದು ಮಾತು. ನಾವು ಸಾಹಿತ್ಯದವರು ಕಟ್ಟಿಕೊಂಡ ಶಿವಮೊಗ್ಗ ಜಿಲ್ಲೆ ಯಾವುದು? ಕುಪ್ಪಳಿಯ ಕಾಡು, ಮೇಳಿಗೆಯ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್, ಹೆಗ್ಗೋಡಿನ ನೀನಾಸಮ್. ನಾನೂ ಇದನ್ನೇ ಓದಿ ಬೆಳೆದವಳು, ಇದರ ಬಗ್ಗೆ ಕೊಂಕಿಲ್ಲ. 1949ರಲ್ಲಿ ಒಂದು ಹಳ್ಳಿಯಲ್ಲಿ ನಾಟಕದ ಸಂಘ ಕಟ್ಟಿದ್ದು ಕನ್ನಡದ ಸಾಂಸ್ಕೃತಿಕ ಚರಿತ್ರೆಯ ದೊಡ್ಡ ಘಟನೆ ಎಂದು ನಾವೆಲ್ಲ ಒಪ್ಪುತ್ತೇವೆ. ಪ್ರತಿ ನಾಟಕದ ವರ್ಷ, ನಿರ್ದೇಶಕ, ಪಾತ್ರಧಾರಿ ನಮಗೆ ಗೊತ್ತಿರಬೇಕೆಂದು ಬಯಸುತ್ತೇವೆ. ಊರಿನ ವಾಲಿಬಾಲ್ ತಂಡವೂ ಚಂದಾ ಎತ್ತಿ, ಜಾತಿಯ ಸಾಲುಗಳನ್ನು ಅಷ್ಟಿಷ್ಟು ದಾಟಿ, ಪಕ್ಕದೂರಿಗೆ ಲಾರಿಯಲ್ಲಿ ಹೋಗಿ, ಸೋತು ಗೆದ್ದು ಜಗಳವಾಡಿ ಬರುತ್ತದೆ. ಅದು ಸಂಸ್ಕೃತಿಯಲ್ಲವೇ? ನಮ್ಮ ಮಲೆನಾಡಿನ ನಕಾಶೆಯಲ್ಲಿ ಭದ್ರಾವತಿಯ ಹೊಗೆಗೆ ಜಾಗವೇ ಇಲ್ಲ. ಮಂಜು, ಅಡಕೆ ತೋಟ, ಮಠ, ಕಾಡು ಇವೆಲ್ಲ ಸಾಹಿತ್ಯ. ಪಾಳಿ, ಗೇಟ್ ಪಾಸ್, ಲೆದರ್ ಬಾಲ್ ಸುದ್ದಿ. ಈ ವಿಂಗಡಣೆ ಯಾರು ಮಾಡಿದರೋ, ಪಾಲಿಸುತ್ತಿರುವವರು ನಾವು.

ದುಡ್ಡಿಲ್ಲ, ಸಂಸ್ಥೆಯಿಲ್ಲ ಎನ್ನುವ ಸಬೂಬಿಗೆ ಬೇಸ್‌ಬಾಲ್‌ನವರ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ದೊಡ್ಡ ಲೀಗಿನ ಕೆಳಗೆ ಸಣ್ಣ ಊರುಗಳ ಮೈನರ್ ಲೀಗ್ ತಂಡಗಳಿವೆ. ನಮ್ಮ ದಾವಣಗೆರೆ, ಹಾಸನದಷ್ಟಕ್ಕಿಂತ ಚಿಕ್ಕ ಊರುಗಳಲ್ಲೂ ಇವೆ. ಅಲ್ಲಿ ಊರಿನ ಹೆಸರಿನ ತಂಡ ಊರಿನಲ್ಲೇ ಆಡುತ್ತದೆ, ಅದೇ ವ್ಯತ್ಯಾಸ. 1971ರಲ್ಲಿ ಕೂಪರ್ಸ್‌ಟೌನ್ ಎಂಬಲ್ಲಿ ಬರೀ 16 ಜನ ಕೂತು ಬೇಸ್‌ಬಾಲ್ ಸಂಶೋಧನೆಯ ಸಂಘವೊಂದನ್ನು ಕಟ್ಟಿದರು. ಅದು ಬೆಳೆದದ್ದು ಪ್ರೊಫೆಸರುಗಳಿಂದಲ್ಲ, ಹಳೆಯ ಪತ್ರಿಕೆಗಳನ್ನು ತಿರುವಿಹಾಕುವ ಹವ್ಯಾಸಿಗಳಿಂದ. 1993ರ ಹೊತ್ತಿಗೆ ಲಾಯ್ಡ್ ಜಾನ್ಸನ್ ಮತ್ತು ಮೈಲ್ಸ್ ವುಲ್ಫ್ ಸೇರಿ ಮೈನರ್ ಲೀಗುಗಳ ಒಂದು ವಿಶ್ವಕೋಶವನ್ನೇ ತಂದರು. ಎಂದೋ ಸತ್ತ ಲೀಗು, ಎಂದೋ ಮುಚ್ಚಿದ ತಂಡ, ಎಲ್ಲ ಅದರಲ್ಲಿವೆ. 2020ರ ಕೊನೆಯಲ್ಲಿ ದೊಡ್ಡ ಲೀಗಿನವರು ತಮ್ಮ ಜೊತೆಗಿದ್ದ 160 ತಂಡಗಳನ್ನು 120ಕ್ಕೆ ಇಳಿಸಿದಾಗ ನಲವತ್ತು ತಂಡಗಳು ಒಮ್ಮೆಗೇ ಹೊರಬಿದ್ದವು. ಅಲ್ಲಿನ ಜನ ಬೀದಿಯಲ್ಲಿ ಜಗಳವಾಡಲು, ಪತ್ರಿಕೆಗೆ ಬರೆಯಲು ಕೈಯಲ್ಲಿ ವರ್ಷ, ಅಂಕಿ, ಹೆಸರು ಹಿಡಿದಿದ್ದರು. ಉಳಿಸಿಕೊಂಡರೇ ಎಂದರೆ ಹೆಚ್ಚಿನವರು ಉಳಿಸಿಕೊಳ್ಳಲಿಲ್ಲ. ಕಳೆದುಕೊಂಡದ್ದು ಏನು ಎಂಬುದು ಅವರಿಗೆ ಗೊತ್ತಿತ್ತು.

2023ರ ಜನವರಿಯಲ್ಲಿ ಭದ್ರಾವತಿಯ ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಆಮೇಲೆ ಮಿಲ್ಲಿನ ಒಂದು ಭಾಗ ಮತ್ತೆ ಓಡಿತು. ಆ ಚರ್ಚೆಯಲ್ಲೆಲ್ಲ ಟನ್ನು, ಕೋಟಿ, ಎಕರೆ ಇವೇ ಲೆಕ್ಕ. ಕಾರ್ಖಾನೆ ಎಂದರೆ ಇಷ್ಟೇ ಎಂದು ದಿಲ್ಲಿಯವರು ಅಂದುಕೊಳ್ಳುವುದು ಸಹಜ, ಅವರ ಮುಂದೆ ಬೇರೆ ಲೆಕ್ಕವನ್ನು ನಾವು ಇಟ್ಟಿಲ್ಲ. ಮೈದಾನವನ್ನು ನಾಳೆ ಯಾರಾದರೂ ‘ಖಾಲಿ ಜಾಗ’ ಎಂದು ನಕ್ಷೆಯಲ್ಲಿ ಬರೆದರೆ, ಖಾಲಿಯಲ್ಲ ಸ್ವಾಮಿ, ಇಲ್ಲಿ ಇಂಥಿಂಥ ವರ್ಷ ಇಂಥವರು ಆಡಿದ್ದಾರೆ ಎಂದು ತೋರಿಸಲು ಒಂದು ಹಾಳೆಯಾದರೂ ಬೇಡವೇ? ಮೈದಾನ ಖಾಲಿಯಾಗಿ ಕಾಣುವುದು ಅದು ಮೈದಾನವಾದ್ದರಿಂದ.

ಹೀಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸ, ಕನ್ನಡ, ಪತ್ರಿಕೋದ್ಯಮ ಓದುವವರಿಗೆ ಪ್ರತಿ ವರ್ಷ ಪ್ರಾಜೆಕ್ಟ್ ಇರುತ್ತದೆ. ‘ಕುವೆಂಪು ಕಾದಂಬರಿಗಳಲ್ಲಿ ಪ್ರಕೃತಿ’ಯನ್ನು ಐವತ್ತನೇ ಸಲ ಬರೆಸುವ ಬದಲು ಒಬ್ಬೊಬ್ಬರಿಗೆ ಒಂದೊಂದು ತಂಡ ಕೊಡಿ. ಊರಿನ ದಿನಪತ್ರಿಕೆಗಳ ಹಳೆಯ ಸಂಪುಟಗಳನ್ನು ಇಲಿ ತಿನ್ನುವ ಮೊದಲು ಫೋಟೊ ಹೊಡೆಯಿರಿ, ಮೊಬೈಲ್ ಸಾಕು. ಲೀಗಿನ ತಂಡವನ್ನು ನಡೆಸುವವರಿಗೂ ಒಂದು ಮಾತು: ಶಿವಮೊಗ್ಗದ ಹೆಸರನ್ನು ಅಂಗಿಯ ಮೇಲೆ ಹಾಕಿಕೊಳ್ಳುವವರು ವರ್ಷಕ್ಕೊಂದು ಪ್ರದರ್ಶನ ಪಂದ್ಯವನ್ನಾದರೂ ನವುಲೆಯಲ್ಲಿ ಆಡಲಿ. ಮಾರ್ಚ್ ತಿಂಗಳಲ್ಲಿ, ಮಳೆ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಒಂದು ತಂಡದ ಫೋಟೊ ಇರಬಹುದು. ಗಾಜು ಒಡೆದದ್ದು, ಬೀರುವಿನ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟದ್ದು. ನಾನು ಈವರೆಗೆ ಕಂಡ ಇಂಥ ಫೋಟೊಗಳಲ್ಲಿ ಕುರ್ಚಿಯ ಮೇಲೆ ಕೂತ ಮೂರು ಜನ ಕೋಟುಧಾರಿಗಳ ಹೆಸರು ಕೆಳಗೆ ಅಚ್ಚಾಗಿರುತ್ತದೆ, ನಿಂತವರ ಹೆಸರಿರುವುದಿಲ್ಲ. ಗೊತ್ತಿರುವ ಒಬ್ಬರಾದರೂ ಬದುಕಿರುವಾಗಲೇ ಕೇಳಿ ಹಿಂಬದಿಯಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಹರಡುತ್ತದೆ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಎಡದಿಂದ ಬಲಕ್ಕೆ, ನಿಂತವರು ಮೊದಲು, ಆಮೇಲೆ ಕೂತವರು. ಮುಂದೆ ನೆಲದ ಮೇಲೆ ಕಪ್ಪಿನ ಪಕ್ಕ ಕಾಲು ಮಡಿಸಿಕೊಂಡು ಕೂತ ಹುಡುಗನ ಹೆಸರೂ ಇರಲಿ. ಸಾಮಾನ್ಯವಾಗಿ ಮ್ಯಾಟು ಹೊರುತ್ತಿದ್ದವನು ಅವನೇ.